ಅಡಿಕೆ ಗಾತ್ರದ ಬೆಲ್ಲ ಅಂದ್ರೆ ಯಾವ ಅಡಿಕೆ?

ಹೊಳೆಬಾಗಿಲು
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನ ಅಡುಗೆಗಳನ್ನ ಬರೆದಿಡೋ ಕೆಲಸ ಹಚ್ಕೊಂಡಿದೀನಿ. ಅವರಿಗೀಗ 81 ವರ್ಷ, ಇರೋದು ಸಾಗರದ ಹತ್ತಿರ. ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಪ್ರತಿ ಭಾನುವಾರ ಫೋನ್ ಮಾಡ್ತೀನಿ, ಅವರು ಹೇಳ್ತಾರೆ, ನಾನು ಬರ್ಕೋತೀನಿ. ಹೋದ ವಾರ ಬೇಳೆಸಾರು. ಬರ್ಕೊಂಡಿದ್ದು ಹೀಗೆ: ಅರ್ಧ ಪಾವು ತೊಗರಿಬೇಳೆ, ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಅಡಿಕೆ ಗಾತ್ರದ ಬೆಲ್ಲ, ಕಡಲೆಕಾಳಿನಷ್ಟು ಇಂಗು, ಉಪ್ಪು "ನೋಡ್ಕಂಡು".

ಹೇಳಿದ ಹಾಗೇ ಮಾಡಿದೆ. ಬಾಯಿಗೆ ಇಡೋಕಾಗಲಿಲ್ಲ. ಹುಳಿಗೆ ಹಲ್ಲು ಜುಂ ಅಂತು, ಇಂಗು ಹಾಕಿದ್ದೇ ಗೊತ್ತಾಗಲಿಲ್ಲ. ಮತ್ತೆ ಫೋನ್ ಮಾಡಿ "ಎಷ್ಟು ಗ್ರಾಂ ದೊಡ್ಡಮ್ಮ?" ಅಂತ ಕೇಳಿದ್ರೆ "ಅಡಿಕೆಯಷ್ಟು ಅಂದ್ನಲ್ಲೇ, ನೀ ಅಡಿಕೆ ನೋಡಿಲ್ಯಾ?" ಅಂದ್ರು.

ನಾನು ನೋಡಿದೀನಿ. ಆದ್ರೆ ಈ ಪುಸ್ತಕ ನಮ್ಮ ಮನೆಯ 14 ಮಕ್ಕಳಿಗೆ. ಅರ್ಧಕ್ಕರ್ಧ ಮಕ್ಕಳು ಅಡಿಕೆ ಮರಾನೇ ನೋಡಿಲ್ಲ. ಎಲ್ಲಾನೂ ಗ್ರಾಂಗೆ ಬದಲಾಯಿಸಲಾ, ದೊಡ್ಡಮ್ಮ ಹೇಳಿದ ಹಾಗೇ ಬಿಡಲಾ? ಬದಲಾಯಿಸೋದಾದ್ರೆ ಎಷ್ಟು ಗ್ರಾಂ ಅಂತ ಬರೀಲಿ?

ಅಗ್ರಹಾರದಮನೆ
ಮೊದಲು ಒಂದು ಹೇಳಿ, ಯಾವ ನಿಂಬೆ ನೋಡ್ಕೊಂಡು ಹುಣಸೆಹಣ್ಣು ತಗೊಂಡ್ರಿ? ಅಲ್ಲಿ ಅಂಗಡೀಲಿ ಸಿಗೋ ಹಳದಿ ಹಣ್ಣು ನಮ್ಮ ನಿಂಬೆ ಅಲ್ಲ. ದಪ್ಪ ಸಿಪ್ಪೆ, ಮೊಟ್ಟೆಗಿಂತ ದೊಡ್ಡದು. ನಮ್ಮದು ತೆಳು ಸಿಪ್ಪೆಯ ಸಣ್ಣ ಹಣ್ಣು, ಅವರು ಲೈಮ್ ಅಂತಾರಲ್ಲ, ಆ ಜಾತಿ. ಕನ್ನಡದಲ್ಲಿ ಎರಡಕ್ಕೂ ನಿಂಬೆ ಅಂತಾನೇ ಅಂದುಬಿಡ್ತೀವಿ, ಎಡವಟ್ಟಾಗೋದು ಅಲ್ಲೇ.

ಹೊಳೆಬಾಗಿಲು
ಹೌದು! ಹಣ್ಣಿನ ಬುಟ್ಟೀಲಿದ್ದ ಹಳದಿ ಹಣ್ಣನ್ನೇ ಪಕ್ಕದಲ್ಲಿ ಇಟ್ಕೊಂಡು ಹುಣಸೆಹಣ್ಣು ಉಂಡೆ ಕಟ್ಟಿದ್ದೆ. ಎರಡರಷ್ಟಕ್ಕೂ ಮೇಲೇ ಬಿದ್ದಿರಬೇಕು.

ಪೇಡೆಊರು
ನಮ್ಮ ಕಡೆ ಲಿಂಬಿಹಣ್ಣು ಅಂತೀವ್ರಿ. ನಮ್ಮ ಲಿಂಬೀನೂ ಎಲ್ಲಾ ಒಂದ ಅಳತಿ ಇರೂದಿಲ್ಲ. ಇಂಡಿ ಕಡೆಯಿಂದ ಬರೂ ಹಣ್ಣಿನ ಚೀಲ ಬಿಚ್ಚಿದ್ರ ಒಂದ ಚೀಲದಾಗ ಮೂರು ನಮೂನಿ ಗಾತ್ರ ಇರ್ತಾವ. ಅದಿರ್ಲಿ, ಹುಣಸಿಹಣ್ಣು ಹೊಸಾದೋ ಹಳೇದೋ? ಬೀಜ, ನಾರು ತಗದದ್ದೋ ಹೆಂಗೋ? ಬೀಜ ಸಮೇತ ಲಿಂಬಿಯಷ್ಟು ತಗೊಂಡ್ರ ತಿರುಳು ಅರ್ಧಾ ಉಳದ್ರ ಹೆಚ್ಚು. ನಿಮಗ ಅಲ್ಲಿ ಸಿಗೂದು ಒತ್ತಿ ಕಟ್ಟಿದ ಇಟ್ಟಂಗಿಯಂಥಾ ಪಾಕೀಟು. ಅದರಾಗ ಬೀಜ ಇರಂಗಿಲ್ಲ, ತಿರುಳು ಗಟ್ಟಿ ಕುಂತಿರ್ತದ. ನಿಮ್ಮ ದೊಡ್ಡಮ್ಮ ಡಬ್ಬಿಯಿಂದ ಸಡಿಲಾಗಿ ಎತ್ತಿ ಉಂಡಿ ಮಾಡೂದು ಬ್ಯಾರೆ, ನೀವು ಆ ಇಟ್ಟಂಗಿ ಕೊಯ್ಯೂದು ಬ್ಯಾರೆ.

ತೋಟದಂಚು
ಅಡಿಕೆ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ.

ಸಿಪ್ಪೆ ಸಮೇತ ಹಣ್ಣಡಿಕೆ ಆದ್ರೆ ಕೋಳಿಮೊಟ್ಟೆಗಿಂತ ಒಂಚೂರು ಸಣ್ಣ. ಅಷ್ಟು ಬೆಲ್ಲ ಯಾರೂ ಸಾರಿಗೆ ಹಾಕಲ್ಲ, ಪಾಯಸ ಆಗುತ್ತೆ. ಆ ಹಣ್ಣನ್ನೇ ಅಂಗಳದಲ್ಲಿ 40 ದಿನಕ್ಕೂ ಹೆಚ್ಚು ಬಿಸಿಲಿಗೆ ಹಾಕಿ, ಆಮೇಲೆ ಸುಲಿದ್ರೆ ಚಾಲಿ. ಬೆಳ್ಳಗಿರುತ್ತೆ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಮ್ಮಟ. ಮಕ್ಕಳಾಡೋ ದೊಡ್ಡ ಗೋಲಿಗಿಂತ ತುಸು ದಪ್ಪ. ಇನ್ನು ಹಸಿರಿದ್ದಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ (ಅಂದ್ರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ) ಬೇಯಿಸಿ ಒಣಗಿಸಿದ್ರೆ ಕೆಂಪಡಿಕೆ. ಅದು ಇನ್ನೂ ಕುಗ್ಗಿರುತ್ತೆ. ಅದರಲ್ಲೂ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ. ಬೆಟ್ಟೆಯನ್ನ ಹೋಳು ಮಾಡಿರ್ತಾರೆ, ಇಡೀ ಅಡಿಕೆಯೇ ಅಲ್ಲ.

ನಮ್ಮ ಕಡೆ ಅಡುಗೆಮನೇಲಿ ಹೆಂಗಸರು ಅಡಿಕೆ ಅಂದ್ರೆ ಕವಳದ, ಅಂದ್ರೆ ಎಲೆಅಡಿಕೆಯ, ತಟ್ಟೇಲಿರೋ ಸುಲಿದ ಇಡೀ ಅಡಿಕೆ. ದಿನಾ ಕೈಯಲ್ಲಿ ಹಿಡಿದು ಅಡಕತ್ತರಿಗೆ ಕೊಡೋದು ಅದನ್ನೇ. ನಿಮ್ಮ ದೊಡ್ಡಮ್ಮನಿಗೆ ಕವಳದ ಅಭ್ಯಾಸ ಇದೆಯಾ ಕೇಳಿ. ಇದ್ರೆ ಚಾಲಿ ಅಂತಲೇ ಬರ್ಕೊಳ್ಳಿ.

ವಸಿತಡಿ
ನಮ್ ಕಡೆ ಸಾರಿಗೆ ಬೆಲ್ಲಾನೇ ಹಾಕಲ್ಲ. ಮಂಡ್ಯದಲ್ಲಿ ಬೆಲ್ಲ ಮಾಡೋರು ನಾವು, ಆದ್ರೂ ಸಾರಿಗೆ ಹಾಕಲ್ಲ. ಯಾಕ್ ಬೇಕು?

ಕುಡ್ಲದಕ್ಕ
ಹುಳಿಗೆ ಬೆಲ್ಲ ಬೇಕೇ ಬೇಕು ಮಾರಾಯ್ರೆ. ಸಿಹಿಯಾಗಲಿಕ್ಕೆ ಅಲ್ಲ, ಹುಳಿಯ ಮೊನೆ ಕಡಿಮೆ ಮಾಡ್ಲಿಕ್ಕೆ. ಬೆಲ್ಲದ ರುಚಿ ನಾಲಿಗೆಗೆ ಗೊತ್ತಾದ್ರೆ ಅದು ಹೆಚ್ಚಾಯ್ತು ಅಂತ ಲೆಕ್ಕ. ಅಡಿಕೆಯಷ್ಟು ಅಂತ ಹೇಳುವುದು ಅದಕ್ಕೇ, ಅದರ ಮೇಲೆ ಹೋಗಬಾರದು ಅಂತ.

ವಸಿತಡಿ
ಹುಳಿ ಮೊನೆ ಜಾಸ್ತಿ ಅಂದ್ರೆ ಹುಳಿ ವಸಿ ಕಮ್ಮಿ ಹಾಕ್ಬೇಕು ಅಕ್ಕಾ.

ಕುಡ್ಲದಕ್ಕ
ಹುಳಿ ಕಡಿಮೆ ಮಾಡಿದ್ರೆ ಸಾರು ಸಪ್ಪೆ. ಬೆಲ್ಲ ಹಾಕಿದ್ರೆ ಹುಳಿ ಉಂಟು, ಚುಚ್ಚುವುದಿಲ್ಲ. ಒಮ್ಮೆ ಮಾಡಿ ನೋಡಿ, ಮತ್ತೆ ಮಾತಾಡುವ.

ಅಗ್ರಹಾರದಮನೆ
ಬೆಲ್ಲದ ಜಗಳ ಇವತ್ತಿಗೆ ಮುಗಿಯಲ್ಲ. ಇಂಗಿನ ವಿಷಯ ಯಾರೂ ಹೇಳಲಿಲ್ಲ, ಅದು ಮುಖ್ಯ.

ದೊಡ್ಡಮ್ಮ ಕಡಲೆಕಾಳಿನಷ್ಟು ಅಂದದ್ದು ಗಟ್ಟಿ ಇಂಗು. ಅದು ಮೇಣದ ಹಾಗೆ ಅಂಟು ಅಂಟಾಗಿರುತ್ತೆ. ನಮ್ಮಮ್ಮ ಉಗುರಲ್ಲಿ ಕಿತ್ತು, ಎರಡು ಬೆರಳ ಮಧ್ಯೆ ಉರುಳಿಸಿ, ಸಣ್ಣ ಬಟ್ಟಲಲ್ಲಿ ಬಿಸಿನೀರಿಗೆ ಹಾಕಿ ಇಡೋರು. ನೀರು ಹಾಲಿನ ಬಣ್ಣಕ್ಕೆ ತಿರುಗಿದ ಮೇಲೆ ಸಾರಿಗೆ ಬಗ್ಗಿಸೋರು. ಬಟ್ಟಲು ತೊಳೆದ್ರೂ ಸಂಜೆವರೆಗೆ ವಾಸನೆ. ಈಗ ಡಬ್ಬೀಲಿ ಬರೋ ಪುಡಿ ಇಂಗಿನಲ್ಲಿ ಹಿಟ್ಟು, ಗೋಂದು ಸೇರಿಸಿರ್ತಾರೆ, ಅಸಲು ಇಂಗು ಸ್ವಲ್ಪವೇ. ಕಡಲೆಕಾಳಿನಷ್ಟು ಪುಡಿ ಹಾಕಿದ್ರೆ ಗಮ ಎಲ್ಲಿಂದ ಬರಬೇಕು? ಪುಡಿ ಆದ್ರೆ ಕಾಲು ಚಮಚವಾದ್ರೂ ಬೇಕು, ಅದೂ ಒಗ್ಗರಣೆಯ ಎಣ್ಣೇಲಿ ಅರಳಬೇಕು. ಅಳತೆ ಹಳೇದು, ಸಾಮಾನು ಹೊಸದು. ಗ್ರಾಂಗೆ ಬದಲಾಯಿಸಿದ್ರೂ ಈ ತಪ್ಪು ತಪ್ಪಾಗೇ ಉಳಿಯುತ್ತೆ.

ಎಲೆಮರೆ
ಇದೇ ಮಾತು ಉಪ್ಪಿಗೂ. ಅಜ್ಜಿ ಕಾಲದ ಒಂದು ಹಿಡಿ ಉಪ್ಪು ಅಂದ್ರೆ ಹರಳುಪ್ಪು, ಮಧ್ಯೆ ಸಂದು ಬಿಟ್ಕೊಂಡಿರುತ್ತೆ. ಅದೇ ಹಿಡಿಗೆ ಪುಡಿ ಉಪ್ಪು ತುಂಬಿದ್ರೆ ತೂಕ ಜಾಸ್ತಿ. ನಾನು ಮಾವಿನಮಿಡಿ ಹಾಕುವಾಗ ಇದನ್ನ ಗಮನಿಸದೆ ಒಂದು ಭರಣಿ ಪೂರ್ತಿ ಕಳ್ಕೊಂಡೆ.

ಚಿನಿವಾರ
ನಮ್ಮ ತಾತನದು ಚಿನ್ನದ ಕೆಲಸ. ಅವರ ಪೆಟ್ಟಿಗೇಲಿ ಸಣ್ಣ ತಕ್ಕಡಿ, ಜೊತೆಗೆ ಒಂದು ಕರಡಿಗೆ ತುಂಬ ಗುಲಗಂಜಿ. ಕೆಂಪು ಮೈ, ತುದಿಗೆ ಕಪ್ಪು ಚುಕ್ಕೆ. 96 ಗುಲಗಂಜಿ ಅಂದ್ರೆ ಒಂದು ತೊಲ. ತೊಲಕ್ಕೆ 11.66 ಗ್ರಾಂ ಹಿಡಿದ್ರೆ ಒಂದು ಕಾಳು ಸುಮಾರು 0.12 ಗ್ರಾಂ. "ಗುಲಗಂಜಿ ತೂಕದಷ್ಟೂ ಮೋಸ ಇಲ್ಲ" ಅಂತ ನಾವು ಅನ್ನೋದು ಬಾಯಿಮಾತಲ್ಲ, ನಿಜವಾಗಿ ತೂಗ್ತಿದ್ದ ಕಾಳು ಅದು. ತಾತ ಸಿಕ್ಕಿದ ಕಾಳನ್ನೆಲ್ಲ ತಕ್ಕಡಿಗೆ ಹಾಕ್ತಿರಲಿಲ್ಲ. ಸುಕ್ಕಾಗಿದ್ದು, ಹುಳ ಬಿದ್ದಿದ್ದು, ತೀರಾ ದಪ್ಪಗಿದ್ದು ಎಲ್ಲಾ ಆರಿಸಿ ತೆಗೆದು, ಹತ್ತು ಕಾಳಿಗೆ ಹತ್ತು ಕಾಳು ಎದುರಿಟ್ಟು ಸಮ ಬಂದವನ್ನೇ ಇಟ್ಕೊಳ್ಳೋರು. ವಸ್ತುವಿಂದ ಅಳೆಯೋರು ಅಂದಾಜಿನೋರು ಅಂತ ಯಾರಾದ್ರೂ ಅಂದ್ರೆ ನನಗೆ ಒಪ್ಪಿಗೆ ಇಲ್ಲ.

ಮಕ್ಕಳಿರೋ ಮನೇಲಿ ಗುಲಗಂಜಿ ಇಡಬೇಡಿ. ಅಗಿದು ನುಂಗಿದ್ರೆ ಪ್ರಾಣಕ್ಕೇ ಅಪಾಯ, ಅಷ್ಟು ವಿಷ.

ಓಲೆಗರಿ
ವಜ್ರದ ಕ್ಯಾರಟ್ ಅನ್ನೋ ಪದವೂ ಕ್ಯಾರಬ್ ಅನ್ನೋ ಮರದ ಬೀಜದಿಂದ ಬಂದದ್ದೇ. ಈಗ ಅದು ಸರಿಯಾಗಿ 0.2 ಗ್ರಾಂ ಅಂತ ನಿಗದಿ. ಇನ್ನೂ ಹಿಂದಿನದು ಬೇಕಂದ್ರೆ ಕೌಟಿಲ್ಯನ ಅರ್ಥಶಾಸ್ತ್ರದ ಉದ್ದಳತೆ ನೋಡಿ: 8 ಸೀರು ಸೇರಿ ಒಂದು ಹೇನು, 8 ಹೇನು ಸೇರಿ ಒಂದು ಜವೆಕಾಳಿನ ನಡು, 8 ಜವೆ ಸೇರಿ ಒಂದು ಅಂಗುಲ. ಎಲ್ಲರ ಮನೇಲೂ ಸಿಗೋ ವಸ್ತುವನ್ನೇ ಆರಿಸಿದ್ದಾರೆ. ಇಂಗ್ಲೆಂಡಿನಲ್ಲೂ ಇಂಚಿಗೆ 3 ಬಾರ್ಲಿಕಾಳು. ಅಲ್ಲಿನ ಬೂಟಿನ ನಂಬರು ಒಂದು ಏರಿದ್ರೆ ಉದ್ದ ಇವತ್ತಿಗೂ ಒಂದು ಬಾರ್ಲಿಕಾಳಿನಷ್ಟೇ ಹೆಚ್ಚೋದು.

ಬಡಗಿಕೇರಿ
ನಾವು ಬಡಗಿಗಳು ನೂಲು ಅಂತೀವಿ. ಒಂದಿಂಚಿಗೆ 8 ನೂಲು. "ಬಾಗಿಲು ಒಂದ್ ನೂಲು ಕೆರೆದುಬಿಡು" ಅಂದ್ರೆ ಟೇಪ್ ಹಿಡಿಯೋ ಹಂಗೇ ಇಲ್ಲ, ಕೈಗೆ ಗೊತ್ತು.

ಸ್ಕೇಲ್‌ಸಿಕ್ತಾ
ದಯವಿಟ್ಟು ಗ್ರಾಂ ಬರೀರಿ. ನಾನು ದುಬೈಯಲ್ಲಿ ಹುಟ್ಟಿ ಬೆಳೆದೋನು. ಅಮ್ಮ ಹೇಳಿಕೊಡುವಾಗ ನೆಲ್ಲಿಕಾಯಿ ಗಾತ್ರ ಅಂತಾರೆ, ಬೆಟ್ಟದ ನೆಲ್ಲಿಕಾಯಿಯೋ ಸಣ್ಣ ಅರನೆಲ್ಲಿಕಾಯಿಯೋ ಅಂತ ಕೇಳಿದ್ರೆ ಸಿಟ್ಟು. ಕಲಿಯೋರಿಗೆ ಇದು ನಿಜವಾಗ್ಲೂ ಕಷ್ಟ. ನಿಮ್ಮ ಕಣ್ಣಲ್ಲಿ ಅಡಿಕೆ ಇದೆ, ನಮ್ಮ ಕಣ್ಣಲ್ಲಿ ಇಲ್ಲ. ಅಡುಗೆಮನೆಯ ತಕ್ಕಡಿ ಈಗ ಎಲ್ಲಾ ಕಡೆ ಸಿಗುತ್ತೆ.

ಎಲೆಮರೆ
ತಕ್ಕಡಿ ಇದ್ದರೂ ಕುದಿಯೋ ಸಾರಿನ ಮುಂದೆ ನಿಂತಾಗ 9 ಗ್ರಾಂ ಬೆಲ್ಲ ಅಂತ ತೂಗ್ತಾ ಕೂರ್ತೀರಾ? ಅಡಿಕೆಯಷ್ಟು ಅಂತ ಒಂದು ಸಲ ಕೈಗೆ ಹತ್ತಿದ್ರೆ ಜೀವನಪೂರ್ತಿ ಮರೆಯಲ್ಲ. ಅನ್ನಕ್ಕೆ ನೀರು ಅಕ್ಕಿಯ ಮೇಲೆ ತೋರುಬೆರಳಿನ ಒಂದು ಗೆಣ್ಣು. ಪಾತ್ರೆ ಚಿಕ್ಕದಿರಲಿ ದೊಡ್ಡದಿರಲಿ, ದಿನದ ಅಡುಗೆಗೆ ನಡೆಯುತ್ತೆ. ಇದನ್ನ ಮಿಲಿಲೀಟರ್‌ನಲ್ಲಿ ಬರೆದ್ರೆ ಪ್ರತಿ ಪಾತ್ರೆಗೂ ಬೇರೆ ಲೆಕ್ಕ.

ಸ್ಕೇಲ್‌ಸಿಕ್ತಾ
ಕೈಗೆ ಹತ್ತೋವರೆಗೆ ಏನು ಮಾಡೋದು? ನಾನು ಕೇಳ್ತಿರೋದು ಮೊದಲ ಹತ್ತು ಸಲದ ಬಗ್ಗೆ. ಗ್ರಾಂ ಇದ್ರೆ ಮೊದಲನೇ ಸಲವೇ ಅಜ್ಜಿಯ ಸಾರು ಸಿಗುತ್ತೆ. ಹನ್ನೊಂದನೇ ಸಲ ತಕ್ಕಡಿ ಬಿಡ್ತೀನಿ.

ಪೇಡೆಊರು
ಈ ಮಾತು ಖರೇ ಅದ. ನಾನು ಸ್ಕೇಲ್ ಅವರ ಪರ.

ವಾರ್ಡ್‌ಅಕ್ಕ
ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಅಡುಗೆಗೆ ನಿಮಗೆ ಹೇಗೆ ಬೇಕೋ ಹಾಗೆ ಅಳೀರಿ, ಔಷಧಿಗೆ ಮಾತ್ರ ಬೇಡ. ಸಿರಪ್ ಒಂದು ಚಮಚ ಅಂದ್ರೆ 5 ಮಿಲಿಲೀಟರ್. ಮನೆಯ ಚಮಚ ಕೆಲವದು ಅದರ ಅರ್ಧ, ಕೆಲವದು ಒಂದೂವರೆ. ಬಾಟಲಿ ಜೊತೆ ಕೊಟ್ಟ ಮುಚ್ಚಳದಲ್ಲೋ ಸಿರಿಂಜಿನಲ್ಲೋ ಅಳೆದು ಕೊಡಿ. ಎರಡು ವರ್ಷದ ಮಗುವಿಗೆ ಅಷ್ಟು ವ್ಯತ್ಯಾಸವೂ ದೊಡ್ಡದು.

ತೊಟ್ಟಿಲಹಗ್ಗ
ನಮ್ಮಲ್ಲಿ ಕೂಸಿಗೆ ಸುತ್ತುಖಾರ ಅಂತ ಇತ್ತು. ಸಾಣೆಕಲ್ಲಿನ ಮೇಲೆ ಜಾಯಿಕಾಯಿ ಎರಡು ಸುತ್ತು, ಬಜೆ ಒಂದು ಸುತ್ತು, ಅಳಲೆಕಾಯಿ ಎರಡು ಸುತ್ತು ಅಂತ ತೇಯ್ದು, ತಾಯಿಹಾಲಲ್ಲಿ ಕದಡಿ, ಒಳಲೆಯಲ್ಲಿ (ಕೂಸಿಗೆ ಕುಡಿಸೋ ಸಣ್ಣ ಬಟ್ಟಲು) ಹಾಕೋರು. ಗುಲಗಂಜಿಯಲ್ಲೂ ತೂಗೋಕಾಗದಷ್ಟು ಸಣ್ಣ ಪ್ರಮಾಣವನ್ನ ಕಲ್ಲಿನ ಮೇಲೆ ಎಷ್ಟು ಸಲ ತಿರುಗಿಸಬೇಕು ಅನ್ನೋ ಲೆಕ್ಕದಲ್ಲಿ ಹಿಡಿದಿದ್ರಲ್ಲ, ಅದು ನನಗೆ ತುಂಬಾ ಇಷ್ಟದ ವಿಷಯ.

ವಾರ್ಡ್‌ಅಕ್ಕ
ಅಳತೆ ಚೆಂದ, ಒಪ್ತೀನಿ. ಆದ್ರೆ ಒಬ್ಬರ ಒಂದು ಸುತ್ತಿಗೂ ಇನ್ನೊಬ್ಬರ ಒಂದು ಸುತ್ತಿಗೂ ಒತ್ತೋ ಭಾರ ಬೇರೆ, ಕಲ್ಲೂ ಬೇರೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡ ಅಂತ ನಾವು ಹೇಳೋದು ಸುಮ್ಮನೆ ಅಲ್ಲ. ಕೇಳದೆ ಕೊಡಬೇಡಿ.

ಓಲೆಗರಿ
ವಾರ್ಡ್‌ಅಕ್ಕ, ನಿಮ್ಮ ಮಾತಿಗೆ ಗೌರವ ಇಟ್ಕೊಂಡೇ ಒಂದು ಉದಾಹರಣೆ. ಬಾಂಗ್ಲಾದೇಶದಲ್ಲಿ 1980ರಿಂದ 1990ರವರೆಗೆ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಹಳ್ಳಿಹಳ್ಳಿಗೆ ಹೋಗಿ, ವಾಂತಿಭೇದಿ ಆದ ಮಗುವಿಗೆ ಏನು ಕುಡಿಸಬೇಕು ಅಂತ ತಾಯಂದಿರಿಗೆ ಕಲಿಸಿದ್ರು. ಅಳತೆ ಏನು? ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಓದು ಬಾರದ ತಾಯಿಗೂ ಬೆರಳು ಇತ್ತು. 1 ಕೋಟಿ 20 ಲಕ್ಷ ಮನೆಗಳನ್ನ ಮುಟ್ಟಿದ ಕೆಲಸ ಅದು. ಕಲಿಸೋರ ಸಂಬಳವನ್ನ ತಾಯಿಗೆ ಎಷ್ಟು ನೆನಪುಳಿದಿದೆ ಅನ್ನೋದರ ಮೇಲೆ ಕೊಡ್ತಿದ್ರು.

ವಾರ್ಡ್‌ಅಕ್ಕ
ಅದು ನನಗೂ ಗೊತ್ತು, ಅದನ್ನ ಓದಿಯೇ ಈ ಕೆಲಸದ ಮೇಲೆ ಪ್ರೀತಿ ಬಂದದ್ದು. ಆದ್ರೆ ನೋಡಿ, ಅಲ್ಲಿ ಸುಮ್ಮನೆ ಚಿಟಿಕೆ ಅನ್ನಲಿಲ್ಲ, ಮೂರು ಬೆರಳು ಅಂದ್ರು. ಎದುರಿಗೆ ಕೂತು ತಾಯಿ ಕೈಯಲ್ಲೇ ಮಾಡಿಸಿದ್ರು. ನಾನು ಕೇಳೋದೂ ಅಷ್ಟೇ: ಯಾವ ಚಮಚ, ಎಷ್ಟು ಬೆರಳು ಅಂತ ಬಿಡಿಸಿ ಹೇಳಿ. ಈಗ ಓಆರ್‌ಎಸ್ ಪಾಕೀಟು ಸಿಗುತ್ತೆ, ದೊಡ್ಡದಾದ್ರೆ ಒಂದು ಲೀಟರಿಗೆ ಒಂದು; ಎಷ್ಟು ನೀರು ಅಂತ ಪಾಕೀಟಿನ ಮೇಲೆ ನೋಡ್ಕೊಳ್ಳಿ. ಸಿಗದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ತಲೆ ಸವರಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಮಾತ್ರ ಹೆಚ್ಚಾಗಬಾರದು.

ವಸಿತಡಿ
ಕುಂಕುಮದ ಅಳತೆ ಯಾರೂ ಹೇಳ್ಲಿಲ್ವಲ್ಲ. ನಮ್ಮಜ್ಜಿ ಹಣೇಲಿ ಕಾಸಗಲ ಕುಂಕುಮ. ನಾಲ್ಕಾಣೆ ಅಗಲ ಅಂತಾನೂ ಅನ್ನೋರು.

ಎಲೆಮರೆ
ನಾಲ್ಕಾಣೆ ಈಗೆಲ್ಲಿದೆ? 25 ಪೈಸೆ 2011ರ ಜೂನ್ ಕೊನೆಗೆ ನಿಂತೇ ಹೋಯ್ತು. ರೂಪಾಯಿ ಅಗಲ ಅನ್ನೋಕೂ ಆಗಲ್ಲ, ನಾವು ಚಿಕ್ಕವರಿದ್ದಾಗಿನ ರೂಪಾಯಿ 25 ಮಿಲಿಮೀಟರ್ ಇತ್ತು, 2011ರ ನಂತರದ್ದು 22.

ಕುಡ್ಲದಕ್ಕ
ಹೂವಿಗೆ ನೀವೆಲ್ಲ ಮೊಳ ಅಂತೀರಿ. ಮಾರುವವರ ಕೈ ಉದ್ದ ಇದ್ರೆ ನಿಮಗೆ ಲಾಭ, ಗಿಡ್ಡ ಇದ್ರೆ ಅವರಿಗೆ! ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆಗೆ ಹಾಗಿಲ್ಲ. 800 ಮೊಗ್ಗು ಕಟ್ಟಿದ್ರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದಿನದ ರೇಟು ಬರುವುದು ಅಟ್ಟೆಗೆ. ನಾನು ಸಣ್ಣವಳಿರುವಾಗ ಬೆಳಿಗ್ಗೆ ಎದ್ದು ಬಾಳೆನಾರಿನಲ್ಲಿ ಕಟ್ಟಿ ಶಾಲೆಗೆ ಹೋದವಳು. ಎಣಿಸುವುದೇ ಬೇಡ, ಚೆಂಡು ಕೈಯಲ್ಲಿ ಹಿಡಿದ್ರೆ ಗೊತ್ತಾಗ್ತದೆ.

ಪೇಡೆಊರು
ಅಕ್ಕಾರ, ಆ ಚೆಂಡಿನ ಮಾತು ಇನ್ನಷ್ಟು ಹೇಳ್ರಿ. ಒಂದು ಚೆಂಡು ಕಟ್ಟಾಕ ಎಷ್ಟೊತ್ತು ಹಿಡಿತಿತ್ತು?

ಕುಡ್ಲದಕ್ಕ
ಅಮ್ಮನಿಗೆ ಒಂದು ಗಂಟೆಯ ಒಳಗೆ ಆಗ್ತಿತ್ತು. ನನಗೆ ಬೆಲ್ ಹೊಡೆದ್ರೂ ಮುಗಿಯುತ್ತಿರಲಿಲ್ಲ.

ನಿರ್ವಾಹಕ
ಹೂವಿನ ಮಾತು ಚೆನ್ನಾಗಿದೆ, ಅದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ತೋಟದಂಚು
ಹೊಳೆಬಾಗಿಲು ಅವರೇ, ನನ್ನದೊಂದು ಸಲಹೆ. ಗ್ರಾಂಗೆ ಬದಲಾಯಿಸಬೇಡಿ, ಗ್ರಾಂ ಸೇರಿಸಿ. ದೊಡ್ಡಮ್ಮ ಹೇಳಿದ ಪದ ಮೊದಲು, ಪಕ್ಕದಲ್ಲಿ ತೂಕ. ಪುಸ್ತಕದ ಮೊದಲ ಪುಟದಲ್ಲಿ ಅಡಿಕೆ, ನಿಂಬೆ, ಗೋಲಿ, ಕಡಲೆಕಾಳು, ಸಾಸಿವೆ, ಇವಿಷ್ಟರ ಚಿತ್ರ ನಿಜವಾದ ಗಾತ್ರದಲ್ಲೇ ಅಚ್ಚು ಹಾಕಿಸಿ. ಮಗು ಬೆಲ್ಲದ ಚೂರನ್ನ ಆ ಚಿತ್ರದ ಮೇಲೆ ಇಟ್ಟು ನೋಡಲಿ. ಇದಕ್ಕೆಲ್ಲ ಮೊದಲು ದೊಡ್ಡಮ್ಮನ ಕೈಯಲ್ಲೇ ಅಳತೆ ತೆಗೆಸಿ ತೂಗಿಸಿ. ಇಲ್ಲಿ ನಮ್ಮನ್ನ ಕೇಳಿದ್ರೆ ನಮ್ಮ ಅಡಿಕೆಯ ತೂಕ ಸಿಗುತ್ತೆ.

ಸ್ಕೇಲ್‌ಸಿಕ್ತಾ
ಇದು ಬಹಳ ಒಳ್ಳೇದು. ನನಗೆ ಇಂಥದ್ದೇ ಒಂದು ಪುಸ್ತಕ ಬೇಕಿತ್ತು.

ಬಡಗಿಕೇರಿ
ಚಿತ್ರದ ಕೆಳಗೆ ಸಣ್ಣದೊಂದು ಅಡಿಪಟ್ಟಿಯ ಗೆರೆ ಹಾಕಿ, 5 ಸೆಂಟಿಮೀಟರಿಂದು. ಪ್ರಿಂಟ್ ಮಾಡುವಾಗ ಹಾಳೆಗೆ ಹೊಂದಿಸೋಕೆ ಹೋಗಿ ಕುಗ್ಗಿಸಿಬಿಡ್ತಾರೆ. ಗೆರೆ ಮೇಲೆ ಸ್ಕೇಲಿಟ್ಟು ನೋಡಿದ್ರೆ ಸರಿ ಇದೆಯೋ ಇಲ್ವೋ ಗೊತ್ತಾಗುತ್ತೆ.

ಹೊಳೆಬಾಗಿಲು
ಎಲ್ಲರಿಗೂ ತುಂಬಾ ಧನ್ಯವಾದ. ಒಂದು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ನನ್ನ ತಮ್ಮ ಶಿವಮೊಗ್ಗದಿಂದ ಸಣ್ಣ ತಕ್ಕಡಿ ತಗೊಂಡು ದೊಡ್ಡಮ್ಮನ ಮನೆಗೆ ಹೋಗಿದ್ದ. ಅವರಿಗೆ ತೂಗೋ ವಿಷಯ ಹೇಳದೆ "ಸಾರು ಮಾಡು ದೊಡ್ಡಮ್ಮ, ಊಟಕ್ಕೆ ಬಂದೆ" ಅಂದ. ಅವರು ತೆಗೆದಿಟ್ಟದ್ದನ್ನೆಲ್ಲ ಒಲೆಗೆ ಹೋಗೋ ಮೊದಲು ಒಂದೊಂದಾಗಿ ತೂಗಿದ. ಹುಣಸೆಹಣ್ಣು 24 ಗ್ರಾಂ, ಹಳೇದು, ಬೀಜ ತೆಗೆದದ್ದು. ಬೆಲ್ಲ 9 ಗ್ರಾಂ. ಮಾರನೇ ದಿನ ಮತ್ತೆ ಮಾಡಿಸಿದ. ಹುಣಸೆಹಣ್ಣು 26, ಬೆಲ್ಲ 9. ಎರಡು ದಿನದ ಬೆಲ್ಲಕ್ಕೆ ಒಂದು ಗ್ರಾಂ ವ್ಯತ್ಯಾಸ ಇಲ್ಲ! ಚಿನಿವಾರ ಅವರು ಹೇಳಿದ್ದು ಕಣ್ಣಿಗೆ ಕಂಡ ಹಾಗಾಯ್ತು.

ಅಡಿಕೆ ಯಾವುದು ಅಂತ ಕೇಳಿದ್ದಕ್ಕೆ ಅವರು ಸೊಂಟದ ಸಂಚಿಯಿಂದ ಒಂದನ್ನ ತೆಗೆದು ಅವನ ಅಂಗೈಯಲ್ಲಿ ಇಟ್ರು. ಚಾಲಿಯೇ. ತಮ್ಮ ಅದರ ಪಕ್ಕ ಬೆಲ್ಲದ ಚೂರು ಇಟ್ಟು, ಮೊರದ ಮೇಲೆ ಅಡಿಪಟ್ಟಿ ಸಮೇತ ಫೋಟೊ ತೆಗೆದು ಕಳಿಸಿದಾನೆ. ಬೆಲ್ಲದ ಒಂದು ಅಂಚು ದೊಡ್ಡಮ್ಮನ ಹೆಬ್ಬೆರಳು ಒತ್ತಿ ಚಪ್ಪಟೆ ಆಗಿದೆ, ಅಡಿಕೆಯ ಬುಡದ ಹಾಗೇ. ಪುಸ್ತಕದ ಮೊದಲ ಪುಟಕ್ಕೆ ಅದೇ ಫೋಟೊ, ನಿಜ ಗಾತ್ರದಲ್ಲಿ.

ನಾನೂ 25 ಗ್ರಾಂ ಹುಣಸೆಹಣ್ಣು ಹಾಕಿ ಮತ್ತೆ ಮಾಡಿದೆ. ಪಾಕೀಟಿನ ಹಣ್ಣು ಗಟ್ಟಿ ಇರೋದ್ರಿಂದ ಒಂಚೂರು ಹುಳಿ ಜಾಸ್ತಿಯೇ ಬಂತು, ಮುಂದಿನ ಸಲ 20 ಸಾಕು. ಕುಡ್ಲದಕ್ಕ, ಬೆಲ್ಲದ ವಿಷಯ ನೀವು ಹೇಳಿದ್ದೇ ಸರಿ, ರುಚಿ ಗೊತ್ತಾಗಲಿಲ್ಲ, ಹುಳಿ ಚುಚ್ಚಲೂ ಇಲ್ಲ. ಇಂಗು ಮಾತ್ರ ಪುಡಿಯಲ್ಲಿ ಆಗಲಿಲ್ಲ. ಡಿಸೆಂಬರಿನಲ್ಲಿ ಅತ್ತಿಗೆ ಬರ್ತಿದ್ದಾರೆ, ಗಟ್ಟಿ ಇಂಗು ತರೋಕೆ ಹೇಳಿದೀನಿ.

ವಸಿತಡಿ
ನಾನೂ ನೆನ್ನೆ ಸಾರಿಗೆ ಬೆಲ್ಲ ಹಾಕಿದ್ದೆ. ಮನೇಲಿ ಯಾರಿಗೂ ಹೇಳಿಲ್ಲ. ಎಲ್ರೂ ಎರಡನೇ ಸಲ ಹಾಕಿಸ್ಕೊಂಡ್ರು.

ಪೇಡೆಊರು
ಇಂಗು ತರೂವಾಗ ಪ್ಲಾಸ್ಟಿಕ್ ಚೀಲದಾಗ ಸುತ್ತಿದ್ರ ಸಾಲಂಗಿಲ್ಲ. ತಿರುಗಣಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗ ಹಾಕಿ, ಮ್ಯಾಲೆ ಎರಡು ಪದರ ಬಟ್ಟಿ ಕಟ್ಟಿ, ಸೀರಿಗಳಿಂದ ದೂರ ಇಡಾಕ ಹೇಳ್ರಿ ನಿಮ್ಮ ಅತ್ತಿಗಿಗೆ. ನಮ್ಮ ತಂಗಿ ಹಂಗs ಇಟ್ಟು ಒಂದು ರೇಷ್ಮಿ ಸೀರಿ ವಾಸನಿ ಮೂರು ತಿಂಗಳು ಹೋಗಲಿಲ್ಲ.